ಹೋಗಿ ಬರುವವರ ಮಾತು

ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಗಾಡಿ ಹತ್ತುತ್ತಿದ್ದ ಹುಡುಗನೊಬ್ಬ ಫೋನಿನಲ್ಲಿ ಹೇಳುತ್ತಿದ್ದ: “ಅವ್ವಾ, ಐತವಾರ ರಿಟರ್ನ್ ವಾಪಸ್ ಬರ್ತೀನಿ.” ಬರ್ತೀನಿ ಅಂದಿದ್ದರೆ ಸಾಕಿತ್ತು. ನೆಟ್ಟಗೆ ನಡೆಯಬಲ್ಲ ಕ್ರಿಯಾಪದಕ್ಕೆ ಎರಡು ಊರುಗೋಲು, ಒಂದು ಇಂಗ್ಲಿಷಿನದು, ಇನ್ನೊಂದು ಉರ್ದುವಿನದು.

ಇಂಗ್ಲಿಷಿನಲ್ಲಿ ‘ಕಮ್’ ಅಂದರೆ ಬರುವುದಷ್ಟೇ. ‘ಬ್ಯಾಕ್’ ಸೇರಿದರೆ ಮರಳುವುದು. ಪೇ ಬ್ಯಾಕ್, ಗೆಟ್ ಬ್ಯಾಕ್, ಕಾಲ್ ಬ್ಯಾಕ್, ಹೀಗೆ ಆ ಪುಟ್ಟ ಪದದ ಸಂಸಾರ ದೊಡ್ಡದು. ನಮ್ಮ ಇಂಜಿನಿಯರಿಂಗ್ ಹುಡುಗರು ಕ್ರಿಯಾಪದವನ್ನೇ ಬಿಟ್ಟು “ಎರಡು ಬ್ಯಾಕ್ ಅವ” ಅನ್ನುತ್ತಾರೆ. ಫೇಲಾದ ವಿಷಯಗಳು ಅಂತ ಅರ್ಥ.

ವಾಪಸ್ ಮೇಲೆ ನನಗೆ ಸಿಟ್ಟಿಲ್ಲ. 1948ರವರೆಗೆ ಇಲ್ಲಿ ನಿಜಾಮರ ಆಳ್ವಿಕೆ. ಕಚೇರಿಯೂ ಕೋರ್ಟೂ ಉರ್ದುವಿನಲ್ಲಿ ನಡೆದವು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದು ಆ ದಿನಗಳಲ್ಲೇ. ಅಂಥ ಕಾಲದಲ್ಲಿ ಒಳಗೆ ಬಂದ ಪದ ಇಂದು ನಮ್ಮದೇ. ಔರಾದಿನ ಕಡೆ ಮರಾಠಿಯ ‘ಪರತ್’ ಕೂಡ ಹಾಗೇ ಗಡಿ ದಾಟಿ ಬಂದು ಕೂತಿದೆ.

ಆದರೆ ಮರಳುವುದನ್ನು ಹೇಳಲು ಕನ್ನಡಕ್ಕೆ ಇವು ಯಾವುವೂ ಬೇಕಿರಲಿಲ್ಲ ಅನ್ನುವುದು ನನ್ನ ವಾದ. ಸಾಕ್ಷಿಗೆ ಒಂದು ಗಾದೆ: ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ. ಪೀಡೆ ತೊಲಗಿತು ಅಂತ ಉಸಿರು ಬಿಡುವಷ್ಟರಲ್ಲಿ ಅದು ಮಾಡಿನ ಕಿಂಡಿಯಿಂದ ಇಳಿದಿರುತ್ತದೆ. ಇಡೀ ಗಾದೆಯಲ್ಲಿ ‘ತಿರುಗಿ’ ಇಲ್ಲ, ‘ಮತ್ತೆ’ ಇಲ್ಲ. ಹೋದೆ, ಬಂದೆ, ಎರಡೇ ಕ್ರಿಯಾಪದ. ಅವನ್ನು ಎದುರುಬದುರು ನಿಲ್ಲಿಸಿದ ಕೂಡಲೇ ಮರಳುವಿಕೆ ತಾನಾಗಿ ಹುಟ್ಟುತ್ತದೆ. ಈ ಗಾದೆ ಪೂರ್ತಿ ರುಚಿಸಬೇಕಾದರೆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಲಗಿರಬೇಕು. ನಮ್ಮಜ್ಜಿಯ ಮನೆ ಭಾಲ್ಕಿ ತಾಲೂಕಿನಲ್ಲಿ. ಅಡುಗೆಮನೆಯ ಮೇಲೊಂದು ಬೆಳಕಿಂಡಿ. ಒಲೆಯ ಹೊಗೆ ಹೋಗುವುದೂ ಅದರಲ್ಲೇ, ಬಿಸಿಲು ಬರುವುದೂ ಅದರಲ್ಲೇ. ಮಳೆ ಬಂದಾಗ ಯಾರಾದರೂ ಮಾಳಿಗೆ ಹತ್ತಿ ಅದಕ್ಕೆ ತಗಡು ಮುಚ್ಚಬೇಕು. ರಾತ್ರಿ ಆ ತಗಡು ಗಾಳಿಗೆ ಕಟಕಟ ಅಂದರೆ ನಾವು ಹುಡುಗರು ಕೌದಿಯೊಳಗೆ ಮುದುಡುತ್ತಿದ್ದೆವು. ಬಾಗಿಲಿಗೆ ಅಗಳಿ ಹಾಕಬಹುದು, ಬೆಳಕಿಂಡಿಗೆ ಅಗಳಿ ಇಲ್ಲವಲ್ಲ. ಈ ಗಾದೆ ಕಟ್ಟಿದವರು ಇಂಥದೇ ಮನೆಯಲ್ಲಿ ಬೆಳೆದವರು ಅನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಅದೇ ಅಜ್ಜಿ ಹೊಸ್ತಿಲಲ್ಲಿ ನಿಂತು “ಹೋಗ್ತೀನಿ ಅನಬ್ಯಾಡ, ಹೋಗಿ ಬರ್ತೀನಿ ಅನ್ನು” ಎಂದು ತಿದ್ದುತ್ತಿದ್ದಳು. ಬೀದರಿನ ಹಳೇ ಊರಿನಲ್ಲಿ ದಖನಿ ಮಾತಾಡುವವರು ಹೊರಡುವಾಗ “ಜಾಕೆ ಆತೂಂ” ಅನ್ನುತ್ತಾರೆ. ಔರಾದಿನ ಮರಾಠಿಯವರು ಇನ್ನೂ ಒಂದು ಹೆಜ್ಜೆ ಮುಂದೆ: ಎದ್ದು ಹೊರಟವರ ಬಾಯಲ್ಲಿ ‘ಯೇತೋ’, ಬರ್ತೀನಿ ಅಂತಲೇ. ಮೂರು ಭಾಷೆ, ಒಂದೇ ಹೊಸ್ತಿಲು. ಉರ್ದು ನಮಗೆ ‘ವಾಪಸ್’ ಕೊಟ್ಟು ನಮ್ಮಿಂದ ಈ ‘ಹೋಗಿ ಬರುವುದ’ನ್ನು ಒಯ್ದಿತು ಎಂದು ನಾನು ನಂಬಿದ್ದೇನೆ. ಪಂಡಿತರು ತಕರಾರು ತೆಗೆದರೆ ಕೂತು ವಾದಿಸಲು ಸಿದ್ಧ.

ಹಾಗಾದರೆ ಆ ಹುಡುಗನಿಗೆ ಎರಡೆರಡು ಪದ ಯಾಕೆ ಬೇಕಾದವು? ದುಡಿಯಲು ಹೈದರಾಬಾದಿಗೋ ಪುಣೆಗೋ ಹೋದವರು ಹೇಳಿದ ದಿನ ಬರುವುದು ಅಪರೂಪ, ಮನೆಯವರಿಗೂ ಅದು ಗೊತ್ತು. ನಂಬಿಕೆ ಕಡಿಮೆಯಾದಲ್ಲಿ ಮಾತು ಹೆಚ್ಚುತ್ತದೆ. ಅದಕ್ಕೇ ಅವನ ‘ರಿಟರ್ನ್ ವಾಪಸ್’ ಕೇಳಿ ಮನಸ್ಸು ಕಲಕಿತು. ನನ್ನ ಗೊಣಗಾಟವೆಲ್ಲ ‘ಕಾಲ್ ಬ್ಯಾಕ್ ಮಾಡ್ತೀನಿ’ ಅನ್ನುವವರ ಮೇಲೆ. ಫೋನು ಬಂದ ಹೊಸದರಲ್ಲೇ ನಮ್ಮ ಜನ ಅದಕ್ಕೆ ದೀಪ ಹಚ್ಚುವ ಕ್ರಿಯಾಪದವನ್ನೇ ಕೊಟ್ಟು ‘ಹೊಳ್ಳಿ ಫೋನ್ ಹಚ್ತೀನಿ’ ಅಂದಿದ್ದರು. ಅಷ್ಟು ಚೆಲುವಾದ ಮಾತನ್ನು ಬಿಡಲು ನನಗಂತೂ ಒಂದು ಕಾರಣವೂ ಕಾಣದು.