ಒಂಬತ್ತು ವರ್ಷದ ಅರಸ, ನವರಸದ ಊರು

ವಿಜಯಪುರಕ್ಕೆ ಬಂದವರಿಗೆ ಎರಡನೇ ಇಬ್ರಾಹಿಂ ಆದಿಲ್‌ಶಾಹನನ್ನು ನಾವು ಪರಿಚಯಿಸುವ ರೀತಿ ಒಂದೇ: 'ಜಗದ್ಗುರು ಬಾದಶಹ'. ದಖನಿಯಲ್ಲಿ 'ಕಿತಾಬ್-ಎ-ನೌರಸ್' ಬರೆದವನು, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಬಂದೇನವಾಜರನ್ನೂ ಕೊಂಡಾಡಿದವನು, ಮೋತಿಖಾನ್ ಎಂಬ ತಂಬೂರಿಯನ್ನು ಮಗುವಿನಂತೆ ಮುದ್ದಿಸಿದವನು. ಇದೆಲ್ಲ ನಿಜ. ಆದರೆ ಹಾಡು ಕಟ್ಟುವ ಮೊದಲು ಅವನು ತನ್ನ ಅಧಿಕಾರವನ್ನು ಕಟ್ಟಿಕೊಳ್ಳಬೇಕಾಯಿತು. ಆ ಕತೆಯನ್ನು ನಾವು ಯಾಕೋ ಬೇಗ ದಾಟಿಬಿಡುತ್ತೇವೆ.

1580ರಲ್ಲಿ ಒಂದನೇ ಅಲಿ ಆದಿಲ್‌ಶಾಹ ಅರಮನೆಯಲ್ಲೇ ಕೊಲೆಯಾದ. ಅವನಿಗೆ ಮಕ್ಕಳಿರಲಿಲ್ಲ. ತಮ್ಮನ ಮಗ ಇಬ್ರಾಹಿಂ ಗಾದಿಗೆ ಬಂದಾಗ ಅವನ ವಯಸ್ಸು ಒಂಬತ್ತರ ಆಸುಪಾಸು. ಹುಡುಗನ ಶಿಕ್ಷಣದ ಹೊಣೆ ಅಲಿಯ ವಿಧವೆ ಚಾಂದಬೀಬಿಯದು, ಆಡಳಿತದ ಹೊಣೆ ಕಾಮಿಲ್‌ಖಾನನದು. ಅವನು ಚಾಂದಬೀಬಿಯನ್ನು ಬದಿಗೊತ್ತಲು ಹೋಗಿ ತಾನೇ ಸತ್ತ. ಅವನ ಜಾಗಕ್ಕೆ ಬಂದ ಕಿಶ್ವರ್‌ಖಾನ್ ಚಾಂದಬೀಬಿಯನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಹಬಶಿ ಸರದಾರರು ತಿರುಗಿಬಿದ್ದಾಗ ಓಡಿಹೋಗಿ ಗೋಲ್ಕೊಂಡದಲ್ಲಿ ಹತನಾದ. ಆಮೇಲೆ ಇಖ್ಲಾಸ್‌ಖಾನ್. ಅವನ ಕಣ್ಣು ಕೀಳಿಸಿ ಬಂದವನು ದಿಲಾವರ್‌ಖಾನ್. ಇವನು ಮಾತ್ರ ಸುಮಾರು ಎಂಟು ವರ್ಷ ನಿಂತ.

ಇಷ್ಟು ಜನ ಬಿದ್ದರೂ ಒಬ್ಬನೂ ಹುಡುಗನನ್ನು ಮುಟ್ಟಲಿಲ್ಲ. ಇದನ್ನು ನಿಷ್ಠೆ ಎನ್ನಲು ನನಗೆ ಮನಸ್ಸಿಲ್ಲ. ನಾಣ್ಯ ಅವನ ಹೆಸರಿನದು, ಶುಕ್ರವಾರದ ಖುತ್ಬಾ ಅವನ ಹೆಸರಿನದು, ಫರ್ಮಾನು ಹೊರಡುವುದೂ ಅವನ ಹೆಸರಿನಲ್ಲಿ. ಹುಡುಗ ಯಾರ ಕೈಯಲ್ಲಿದ್ದಾನೋ ರಾಜ್ಯ ಅವರದು.

ಬಿಜಾಪುರಕ್ಕೆ ಇದು ಹೊಸದೂ ಅಲ್ಲ. 1510ರಲ್ಲಿ ಯೂಸುಫ್ ಸತ್ತು ಬಾಲಕ ಇಸ್ಮಾಯಿಲ್ ಪಟ್ಟಕ್ಕೆ ಬಂದಾಗ ಕಮಾಲ್‌ಖಾನ್ ಗಾದಿಗೇ ಕೈ ಹಾಕಿದ್ದ. ಹುಡುಗನ ತಾಯಿ, ಮರಾಠಾ ಮನೆತನದ ಪೂಂಜಿ ಖಾತೂನ್, ಮರುವರ್ಷವೇ ಅವನನ್ನು ಕೊಲ್ಲಿಸಿದ್ದಳು. ಗಾದಿಯನ್ನು ಬಳಸಬಹುದು, ಏರಬಾರದು ಎಂಬುದು ಮುಂದಿನ ಸರದಾರರಿಗೆ ಗೊತ್ತಿತ್ತು.

ಇನ್ನೊಂದು ಕಾರಣಕ್ಕೆ ಅರಮನೆಯಿಂದ ಹೊರಬರಬೇಕು. ಉತ್ತರಕ್ಕೆ ಇಂಡಿ, ಸಿಂದಗಿಗಳ ಅಂಚಿನಲ್ಲಿ ಭೀಮೆ. ದಕ್ಷಿಣಕ್ಕೆ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕೃಷ್ಣೆ. ನಡುವೆ ಡೋಣಿ ಸಾಲಿನ ಕರಿಮಣ್ಣು, ಬಿಳಿಜೋಳ. ಮುದ್ದೇಬಿಹಾಳ ತಾಲ್ಲೂಕಿನ ರಕ್ಕಸಗಿ-ತಂಗಡಗಿಯ ಹೆಸರು ಓದುಗರಿಗೆ ಗೊತ್ತೇ ಇದೆ. 1565ರ ಆ ಯುದ್ಧದವರೆಗೆ ಕೃಷ್ಣಾ ದಂಡೆಯೆಂದರೆ ಗಡಿನಾಡು, ಆಮೇಲೆ ಒಳನಾಡು. ಇಬ್ರಾಹಿಂ ಪಟ್ಟಕ್ಕೆ ಬರುವಾಗ ದಕ್ಷಿಣದಿಂದ ಬಿಜಾಪುರವನ್ನು ನುಂಗುವ ಶಕ್ತಿಯೇ ಉಳಿದಿರಲಿಲ್ಲ. ಉತ್ತರದ ಅಹಮದನಗರ, ಪೂರ್ವದ ಗೋಲ್ಕೊಂಡ ಮುತ್ತಿಗೆ ಹಾಕಿದವು ನಿಜ, ಆದರೆ ಅವು ಸರಿಸಮದ ನೆರೆಯವು. ಹಳ್ಳಿಗಳಲ್ಲಿ ವಂಶಪಾರಂಪರ್ಯದ ದೇಸಾಯಿ, ನಾಡಗೌಡ, ಕುಲಕರ್ಣಿಗಳು ಲೆಕ್ಕ ಬರೆಯುತ್ತಿದ್ದರು. ಕೋಟೆಯೊಳಗೆ ಯಾರು ಯಾರ ಕಣ್ಣು ಕಿತ್ತರೂ ಇವರ ದಫ್ತರ ಬದಲಾಗುತ್ತಿರಲಿಲ್ಲ. ಬಾಲಕನೊಬ್ಬ ಹತ್ತು ವರ್ಷ ಹೆಸರಿಗಷ್ಟೇ ಅರಸನಾಗಿದ್ದೂ ರಾಜ್ಯ ಉಳಿದದ್ದರಲ್ಲಿ ಈ ರೈತರ ಜೋಳದ ಪಾಲು ಖಾನರ ಕತ್ತಿಗಿಂತ ಹೆಚ್ಚಿನದು ಎಂದು ನನ್ನ ಅನಿಸಿಕೆ. ಆಸ್ಥಾನದ ಚರಿತ್ರೆಕಾರರು ಅವರ ಬಗ್ಗೆ ಬರೆಯುವುದಿಲ್ಲ, ಅಷ್ಟೆ.

1590. ಅಹಮದನಗರದ ಮೇಲಿನ ದಂಡಯಾತ್ರೆಯ ನಡುವೆ ಇಬ್ರಾಹಿಂ ಒಂದು ರಾತ್ರಿ ದಿಲಾವರ್‌ಖಾನನ ಪಾಳೆಯದಿಂದ ಸದ್ದಿಲ್ಲದೆ ಹೊರಬಿದ್ದು ಐನುಲ್‌ಮುಲ್ಕ್ ಮೊದಲಾದ ಸರದಾರರನ್ನು ಸೇರಿಕೊಂಡ. ಅರಸನನ್ನು ಮರಳಿ ತರಲು ದಿಲಾವರ್ ಪಡೆಯೊಂದಿಗೆ ಬಂದ. ಆದರೆ ಎದುರಿಗೆ ಅರಸನೇ ನಿಂತಿರುವುದನ್ನು ಕಂಡ ಸೈನಿಕರು ಆ ಕಡೆಗೆ ಸರಿದರು. ಖಾನ್ ಅಹಮದನಗರಕ್ಕೆ ಓಡಿದ. ಮುಂದೆ ಅಭಯದ ಮಾತು ನಂಬಿ ಮರಳಿದವನ ಕಣ್ಣು ಕೀಳಿಸಿ, ಸಾತಾರಾ ಕೋಟೆಗೆ ಕಳಿಸಲಾಯಿತು. ಇಖ್ಲಾಸ್‌ಖಾನನಿಗೆ ಅವನು ಕೊಟ್ಟ ಶಿಕ್ಷೆ, ಚಾಂದಬೀಬಿ ಕಂಡ ಸೆರೆ, ಎರಡೂ ಅವನಿಗೇ ಬಂದವು. ಇಪ್ಪತ್ತರ ಆಸುಪಾಸಿನ ಹುಡುಗ ಎಷ್ಟು ಗಮನವಿಟ್ಟು ನೋಡುತ್ತಿದ್ದನೆಂದು ಇದರಿಂದ ತಿಳಿಯುತ್ತದೆ.

ಉಳಿದದ್ದು ಮನೆಯೊಳಗಿನ ಹಕ್ಕುದಾರ. ಬೆಳಗಾವಿ ಕೋಟೆಯಲ್ಲಿ ಕಾವಲಿನಲ್ಲಿದ್ದ ತಮ್ಮ ಇಸ್ಮಾಯಿಲ್ 1594ರ ಸುಮಾರಿಗೆ ದಂಗೆಯೆದ್ದ. ಅವನ ಬೆನ್ನಿಗೆ ನಿಂತವನು ಅದೇ ಐನುಲ್‌ಮುಲ್ಕ್! ಅರಸನನ್ನು ಮಾಡಿದವನಿಗೆ ಇನ್ನೊಬ್ಬನನ್ನು ಮಾಡುವ ಆಸೆ ಸಹಜ. ಐನುಲ್‌ಮುಲ್ಕ್‌ನ ತಲೆ ಬಿಜಾಪುರಕ್ಕೆ ಬಂತು, ಇಸ್ಮಾಯಿಲನೂ ಉಳಿಯಲಿಲ್ಲ. ನಮ್ಮ ಕಾಲದಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ 2011ರಲ್ಲಿ ತಂದೆಯ ಜಾಗಕ್ಕೆ ಬಂದು, 2013ರಲ್ಲಿ ತನಗೆ ಊರೆಗೋಲಾಗಿದ್ದ ಸೋದರತ್ತೆಯ ಗಂಡನನ್ನೇ ಕೊಲ್ಲಿಸಿದ. 2017ರಲ್ಲಿ ಮಲತಾಯಿಯ ಮಗನಾದ ಅವನ ಅಣ್ಣ ಕೌಲಾಲಂಪುರದ ವಿಮಾನ ನಿಲ್ದಾಣದಲ್ಲಿ ಕೊಲೆಯಾದ. ಮೊದಲು ಪೋಷಕ, ಆಮೇಲೆ ಸೋದರ. ಕಾಲ, ದೇಶಗಳ ವ್ಯತ್ಯಾಸ ದೊಡ್ಡದು, ಕ್ರಮ ಮಾತ್ರ ಅದೇ.

ಇಷ್ಟಾದ ಮೇಲೆ, 1599ರಲ್ಲಿ, ತೊರವಿಯ ಬಳಿ ನೌರಸ್‌ಪುರದ ಕೆಲಸ ಶುರುವಾಯಿತು. ಕನ್ನಡಿಗರಿಗೆ ರಾಮಾಯಣ ಕೊಟ್ಟ ಅದೇ ತೊರವಿ. ಊರಿಗೆ ನೌರಸ್, ಅರಮನೆಗೆ ನೌರಸ್, ನಾಣ್ಯಕ್ಕೆ, ಮುದ್ರೆಗೆ, ಹಬ್ಬಕ್ಕೆ ಕೂಡ ಅದೇ ಹೆಸರು. ನವರಸವೂ ಹೌದು, ಹೊಸ ರಸವೂ ಹೌದು. ಸಂಗೀತದ ಹುಚ್ಚು ನಿಜವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಬಶಿ, ದಖನಿ, ಇರಾನಿ ಬಣಗಳು ಪರಸ್ಪರ ಕೊಂದುಕೊಳ್ಳುವುದನ್ನು ಹತ್ತು ವರ್ಷ ನೋಡಿದವನು ಅಧಿಕಾರಕ್ಕೆ ಯಾವ ಬಣದ್ದೂ ಅಲ್ಲದ ಹೆಸರೊಂದನ್ನು ಹುಡುಕಿದ್ದು ಆಕಸ್ಮಿಕವಲ್ಲ. ಎಲ್ಲರಿಗೂ ಗುರುವಾದವನು ಯಾವ ಸರದಾರನ ಶಿಷ್ಯನೂ ಆಗಬೇಕಿಲ್ಲ. ಹಾಡಿದವನು ಬೇರೆ, ಕೊಲ್ಲಿಸಿದವನು ಬೇರೆ ಎಂದು ಇಬ್ರಾಹಿಮನನ್ನು ಸೀಳಿ, ಒಬ್ಬನನ್ನಷ್ಟೇ ಸೌಹಾರ್ದದ ವೇದಿಕೆಗೆ ಕರೆಯುವುದು ನನಗೆ ಒಪ್ಪಿಗೆಯಾಗದು.

ಇದನ್ನೆಲ್ಲ ನಮಗೆ ಹೇಳುವವರಲ್ಲಿ ಮುಖ್ಯನಾದವನು ಫೆರಿಷ್ತಾ. ಅವನು ಇಬ್ರಾಹಿಮನ ಆಸ್ಥಾನದಲ್ಲೇ ಇದ್ದವನು. ಅವನ ಗ್ರಂಥದ ಹೆಸರೇ 'ಗುಲ್ಶನ್-ಎ-ಇಬ್ರಾಹಿಮಿ'. ಗೆದ್ದವನ ಅನ್ನ ಉಂಡು ಬರೆದ ಚರಿತ್ರೆ ಅದು. ದಿಲಾವರ್‌ಖಾನನ ಕಡೆಯಿಂದ ಆ ರಾತ್ರಿ ಹೇಗಿತ್ತೆಂದು ಅದರಿಂದ ತಿಳಿಯದು.

ಇದೇ ನಾಟಕ ಬಿಜಾಪುರದಲ್ಲಿ ಮತ್ತೊಮ್ಮೆ ನಡೆಯಿತು. 1672ರಲ್ಲಿ ಸಿಕಂದರ್ ಪಟ್ಟಕ್ಕೆ ಬಂದಾಗ ಅವನಿಗೆ ನಾಲ್ಕು ವರ್ಷ. ಖವಾಸ್‌ಖಾನ್, ಬಹಲೋಲ್‌ಖಾನ್, ಸಿದ್ದಿ ಮಸೂದ್ ಒಬ್ಬರಾದ ಮೇಲೊಬ್ಬರು ಹುಡುಗನನ್ನು ಹಿಡಿದುಕೊಂಡರು. ಆದರೆ ಭೀಮೆಯಾಚೆ ಈಗ ಸರಿಸಮದ ಅಹಮದನಗರವಿರಲಿಲ್ಲ, ಸೊಲ್ಲಾಪುರಕ್ಕೆ ಬಂದಿಳಿದ ಔರಂಗಜೇಬನಿದ್ದ. ಪಾಳೆಯದಿಂದ ಪಾಳೆಯಕ್ಕೆ ಜಿಗಿಯುವ ರಾತ್ರಿಯೊಂದು ಸಿಕಂದರನಿಗೆ ಸಿಗಲೇ ಇಲ್ಲ. 1686ರ ಸೆಪ್ಟೆಂಬರ್ 12ರಂದು ಶರಣಾದಾಗ ಅವನಿಗೆ ಹದಿನೆಂಟು. 1700ರಲ್ಲಿ ಸೆರೆಯಲ್ಲೇ ಸತ್ತ. ಅವನ ಗೋರಿ ವಿಜಯಪುರದಲ್ಲೇ ಇದೆ. ಮೇಲೆ ಗುಮ್ಮಟವಿಲ್ಲ, ಇಬ್ರಾಹಿಂ ರೋಜಾ ನೋಡಲು ಬಂದವರು ಅಲ್ಲಿಗೆ ಹೋಗುವುದು ಕಡಿಮೆ.