ಚಂದ್ರನನ್ನು ಬಚ್ಚಿಟ್ಟ ಗುಡ್ಡ

ನಾನು ಚಿಕ್ಕವನಿದ್ದಾಗ ಶಿಕಾರಿಪುರದ ನಮ್ಮ ಬೀದಿಯಲ್ಲಿ ಮೂವರು ಗುತ್ಯಪ್ಪಂದಿರು, ಇಬ್ಬರು ಗುತ್ಯಮ್ಮಂದಿರು ಇದ್ದರು. ಸೊರಬದ ಕಡೆಯ ನನ್ನ ಸೋದರಮಾವನ ಹೆಸರೂ ಅದೇ. ಮಕ್ಕಳಾಗದವರು, ಹುಟ್ಟಿದ ಮಕ್ಕಳು ಉಳಿಯದವರು ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತು ಮಗುವಿಗೆ ಆ ಹೆಸರನ್ನೇ ಇಡುತ್ತಿದ್ದರು. ಹೀಗೆ ಗುತ್ತಿ ನನಗೆ ಮೊದಲು ಪರಿಚಯವಾದದ್ದು ಮನುಷ್ಯರ ಹೆಸರಾಗಿ. ಅಲ್ಲೊಂದು ಕೋಟೆ ಇತ್ತು, ಅಲ್ಲಿಂದ ರಾಜ್ಯ ಆಳಿದವರಿದ್ದರು ಎಂದು ತಿಳಿದದ್ದು ಬಹಳ ತಡವಾಗಿ.

ಕಳೆದ ಚಳಿಗಾಲದಲ್ಲಿ ಇಟಲಿ ಸುತ್ತಿಬಂದ ಗೆಳೆಯನೊಬ್ಬ ಸಿಯೆನಾ, ಅಸ್ಸಿಸಿ ಮುಂತಾದ ಗುಡ್ಡದ ಮೇಲಿನ ಊರುಗಳ ಫೋಟೊ ಕಳಿಸಿದ. ಕಲ್ಲಿನ ಗೋಡೆ, ಇಕ್ಕಟ್ಟಾದ ಓಣಿ, ಎತ್ತರದಲ್ಲಿ ಚರ್ಚು. ‘ನಮ್ಮ ಕಡೆ ಇಂಥದ್ದಿಲ್ಲ ನೋಡು’ ಎಂದೂ ಬರೆದಿದ್ದ. ಗುತ್ತಿ ಇದೆಯಲ್ಲ ಎಂದು ಉತ್ತರಿಸಿದೆ. ಆದರೆ ನಾನೇ ಆ ಗುಡ್ಡವನ್ನು ಪೂರ್ತಿ ಹತ್ತಿರಲಿಲ್ಲ. ಅದೇ ವಾರ ಅಮ್ಮನೂ ‘ಒಂದ್ಸಲ ಗುತ್ತಿಗೆ ಕರ್ಕೊಂಡು ಹೋಗು, ಉಡಿ ತುಂಬಿಸಿ ಬರೋಣ’ ಎಂದಳು. ಅವಳಿಗೆ 75 ದಾಟಿದೆ. ಇನ್ನು ಮುಂದೂಡುವಂತಿರಲಿಲ್ಲ.

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಹೊರಟರೆ ಇತಿಹಾಸ ರಸ್ತೆಯ ಪಕ್ಕದಲ್ಲೇ ಸಿಗುತ್ತದೆ. ಬಳ್ಳಿಗಾವಿಯಲ್ಲಿ 1047ರ ಗಂಡಭೇರುಂಡ ಕಂಬ, ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳಿವೆ. ತಾಳಗುಂದದಲ್ಲಿ ಪ್ರಣವೇಶ್ವರ ಗುಡಿಯ ಮುಂದಿನ ಶಾಸನ ಸ್ತಂಭವಿದೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ರಾಜ್ಯ ಕಟ್ಟಿದ ಕಥೆಯನ್ನು ಕುಬ್ಜನೆಂಬ ಕವಿ ಐದನೇ ಶತಮಾನದಲ್ಲಿ ಬರೆದದ್ದು ಅದರ ಮೇಲೆಯೇ. ಈಚಿನ ಉತ್ಖನನದಲ್ಲಿ ಇಲ್ಲೇ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಕ್ರಿ.ಶ. 370ರದ್ದೆಂದು ಗುರುತಿಸಿದ ಮೇಲೆ, ಕನ್ನಡದ ಮೊದಲ ಶಾಸನ ಯಾವುದೆಂಬ ಚರ್ಚೆ ಹಲ್ಮಿಡಿಯಿಂದ ನಮ್ಮ ತಾಲ್ಲೂಕಿಗೆ ಬಂದಿದೆ.

ಸೊರಬ ದಾಟಿದ ಮೇಲೆ ಗುಡ್ಡ ಕಾಣಿಸಿತು. 2,794 ಅಡಿ ಎತ್ತರ. ಊರು ಬುಡದಲ್ಲಿ, ಅಮ್ಮನವರ ಗುಹೆ ಗುಡ್ಡದ ಮೈಯಲ್ಲಿ, ಕೋಟೆ ಮೇಲೆ. ಹಳೆಯ ಹೆಸರು ಚಂದ್ರಗುಪ್ತಿ. ಗುಡ್ಡ ಎಷ್ಟು ಎತ್ತರವೆಂದರೆ ಚಂದ್ರನನ್ನೇ ಮರೆಮಾಡುತ್ತದೆ, ಅದಕ್ಕೇ ಈ ಹೆಸರು ಎಂದು ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬರೆದಿದ್ದಾರೆ.

ಅಮ್ಮ ಮೆಟ್ಟಿಲಿಗೊಮ್ಮೆ ನಿಂತು ಹತ್ತಿದಳು. ಜಮದಗ್ನಿಯ ಸಿಟ್ಟಿಗೆ ಹೆದರಿ, ಮಗ ಪರಶುರಾಮನಿಂದ ತಪ್ಪಿಸಿಕೊಂಡು ಓಡಿದ ರೇಣುಕೆ, ಮೈಮೇಲಿನ ಬಟ್ಟೆ ಜಾರಿ ಹೋದರೂ ನಿಲ್ಲದೆ ಬಂದು ಅಡಗಿದ ಗುಹೆ ಇದು ಎಂಬುದು ಇಲ್ಲಿನ ಕಥೆ. ಹಸಿರು ಕಣ, ಬಳೆ, ಅಕ್ಕಿ, ಕಾಯಿ, ಅರಿಸಿನ ಕುಂಕುಮ ಕೊಟ್ಟು ಅಮ್ಮ ಉಡಿ ತುಂಬಿಸಿದಳು. ‘ನೀನು ಕೋಟೆ ನೋಡ್ಕೊಂಡು ಬಾ, ನಾನಿಲ್ಲೇ ಕೂತಿರ್ತೀನಿ’ ಎಂದು ನೆರಳು ನೋಡಿ ಕೂತಳು.

ಮೇಲೆ ಸಿಗುವುದು ಕುಸಿದ ಗೋಡೆ, ಪೊದೆ ಬೆಳೆದ ಬಾಗಿಲು, ನೀರಿನ ಹೊಂಡ. ಆದರೆ ಈ ಎತ್ತರ ಯಾಕೆ ಬೇಕಾಯಿತೆಂಬುದು ಅಲ್ಲಿ ನಿಂತಾಗ ಅರ್ಥವಾಗುತ್ತದೆ. ಒಂದು ಕಡೆ ಬನವಾಸಿಯ ಬಯಲು, ಇನ್ನೊಂದು ಕಡೆ ಘಟ್ಟ. ಕರಾವಳಿಯ ದಾರಿಗಳ ಮೇಲೆ ಕಣ್ಣಿಡಲು ಇಂಥ ಜಾಗ ಬೇಕು. ಕದಂಬರ ಕೈಯಲ್ಲಿದ್ದ ಗುತ್ತಿಯನ್ನು 1340ರ ದಶಕದಲ್ಲಿ ಹರಿಹರ-ಬುಕ್ಕರ ತಮ್ಮ ಮಾರಪ ಗೆದ್ದು ಇಲ್ಲಿಂದ ಆಳಿದ. ಮುಂದೆ ಗೋವೆಯನ್ನು ಗೆದ್ದ ಮಾಧವ ಮಂತ್ರಿಯ ಆಡಳಿತಕ್ಕೂ ಗುತ್ತಿ ಸೇರಿತ್ತು. ವಿಜಯನಗರದ ನಂತರ ಕೆಳದಿಯ ಅರಸರು ಬಂದರು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದಾಗ ಆ ಕಾಲವೂ ಮುಗಿಯಿತು.

ಕೆಳಗೆ ಬಂದು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಕೇಳಿಸಿಕೊಂಡು, ವರದೆಯ ದಿಕ್ಕಿಗೆ ಕೈ ತೋರಿಸಿ, ‘ನಿಮ್ಮಜ್ಜಿ ಅಲ್ಲಿಂದ ನಡ್ಕೊಂಡು ಬಂದಿದ್ಲು’ ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

‘ನಿನ್ನ ಮಾವನಿಗೆ ಸಿಡುಬಾಗಿತ್ತು. ಉಳಿಯಲ್ಲ ಅಂದಿದ್ರು. ಹರಕೆ ಹೊತ್ಲು. ಹೊಳೇಲಿ ಮುಳುಗಿ ಎದ್ದು ಹಾಗೇ ಬಂದ್ಲು. ಸೀರೆ ನನ್ನ ಕೈಲಿತ್ತು. ನನಗೆ ಏಳು ವರ್ಷ. ಗುಡಿ ಹತ್ರ ಬಂದ ಕೂಡ್ಲೇ ಕೊಡ್ಬೇಕು ಅಂತ ಹೇಳಿದ್ಲು. ನಾನು ನೆಲ ನೋಡ್ಕೊಂಡು ಹಿಂದೆ ಹಿಂದೆ ಓಡ್ದೆ.’

ಬೆತ್ತಲೆ ಸೇವೆಯ ಬಗ್ಗೆ ನನಗೆ ಗೊತ್ತಿಲ್ಲದ್ದೇನಲ್ಲ. 1986ರ ಮಾರ್ಚಿನ ಜಾತ್ರೆಯಲ್ಲಿ ಅದನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಗುಂಪು ತಿರುಗಿಬಿತ್ತು. ಹೆಂಗಸರು ಗಂಡಸರು ಎನ್ನದೆ ಅವರ ಬಟ್ಟೆ ಕಿತ್ತು ಮೆರವಣಿಗೆ ಮಾಡಿತು. ಆಮೇಲೆ ಸರ್ಕಾರ ಸೇವೆಯನ್ನು ನಿಷೇಧಿಸಿತು. ಆಗ ನಾನು ಪಿಯುಸಿ ಓದುತ್ತಿದ್ದೆ. ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಇದೇ ವಿಷಯ ಹಿಡಿದು, ಮಾನ ಮರ್ಯಾದೆಯಿಲ್ಲದ ಮೂಢ ಹೆಂಗಸರು ಎಂದೆಲ್ಲ ಜರೆದು, ಒಂದು ಸ್ಟೀಲ್ ಲೋಟ ಗೆದ್ದು ತಂದೆ. ಅಜ್ಜಿ ಆಗ ನಮ್ಮ ಮನೆಗೆ ಬಂದಿದ್ದಳು. ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವಳ ಮುಂದೆ ನಿಂತು ಇಡೀ ಭಾಷಣವನ್ನು ಮತ್ತೊಮ್ಮೆ ಒಪ್ಪಿಸಿದೆ. ‘ಚೆನ್ನಾಗಿ ಮಾತಾಡ್ತೀಯ ಮಗ’ ಎಂದಳು. ಅಮ್ಮ ಒಳಗೆ ಹೋದಳು.

ಆ ಸೇವೆ ನಿಂತದ್ದು ಸರಿ ಎಂದೇ ಇವತ್ತಿಗೂ ನಂಬಿದ್ದೇನೆ. ಬಡವರ, ಕೆಳಜಾತಿಗಳ ಹೆಂಗಸರ ಮೇಲೆಯೇ ಆ ಹೊರೆ ಹೆಚ್ಚಾಗಿ ಬಿದ್ದಿತ್ತು. ಅದನ್ನು ವಿರೋಧಿಸಿ ಏಟು ತಿಂದವರ ಧೈರ್ಯ ದೊಡ್ಡದು. ಆದರೆ ನಾನು ಏಟು ತಿಂದವನಲ್ಲ, ಲೋಟ ಗೆದ್ದವನು. ಹರಕೆ ಹೊತ್ತ ಒಬ್ಬ ಹೆಂಗಸನ್ನಾದರೂ ಯಾಕೆಂದು ಕೇಳಿದವನಲ್ಲ. ಕೇಳಬಹುದಾದವಳು ಎದುರಿಗೇ ಕೂತಿದ್ದಳು.

ವಾಪಸು ಬರುವಾಗ ನೆನಪಾದವನು ಪಿಯೆತ್ರೊ ದೆಲ್ಲಾ ವಾಲ್ಲೆ. ರೋಮಿನವನು. 1623ರಲ್ಲಿ ವೆಂಕಟಪ್ಪ ನಾಯಕನ ಕಾಲದ ಇಕ್ಕೇರಿಗೆ ಬಂದಿದ್ದ. ಅಲ್ಲಿ ಅವನು ಸತಿ ಹೋಗಲು ನಿರ್ಧರಿಸಿದ್ದ ವಿಧವೆಯೊಬ್ಬಳನ್ನು ಕಂಡ. ನಗಾರಿ ಬಾರಿಸುವವನೊಬ್ಬನ ಹೆಂಡತಿ. ಅದು ತಪ್ಪೆಂದು ಅವನಿಗೆ ಅನುಮಾನವೇ ಇರಲಿಲ್ಲ. ಆದರೂ ಅವಳ ಮನೆಗೆ ಹೋದ, ಕೂತು ಮಾತಾಡಿದ, ಬೇಡವೆಂದು ಹೇಳಿನೋಡಿದ. ಅವಳು ಒಪ್ಪಲಿಲ್ಲ. ಅವಳ ಹೆಸರು ಕೇಳಿ ಬರೆದುಕೊಂಡ. ಅವನ ಬರಹದಲ್ಲಿ ಜಿಯಾಕ್ಕಮ ಎಂದಿದೆ, ನಮ್ಮ ಬಾಯಲ್ಲಿ ಜಕ್ಕಮ್ಮ ಇರಬೇಕು.

ನಮ್ಮ ಶಾಸನಗಳಲ್ಲೂ ಹೆಂಗಸರ ಹೆಸರುಗಳಿವೆ. ಹತ್ತನೇ ಶತಮಾನದ ಆರಂಭದಲ್ಲಿ ಗಂಡ ಸತ್ತ ಮೇಲೆ ನಾಗರಖಂಡವನ್ನು ಆಳಿ, ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯಲ್ಲಿ ಸಲ್ಲೇಖನ ಕೈಗೊಂಡ ಜಕ್ಕಿಯಬ್ಬೆ ಅಂಥವಳು. ಆದರೆ ಹೊಳೆಯಿಂದ ಗುಡ್ಡಕ್ಕೆ ನಡೆದು ಬಂದ ಸಾವಿರಾರು ಹೆಂಗಸರಿಗೆ ಕಲ್ಲು ನೆಟ್ಟವರು ಯಾರೂ ಇಲ್ಲ.

ಶಿರಾಳಕೊಪ್ಪದಲ್ಲಿ ಚಹಾಕ್ಕೆ ನಿಲ್ಲಿಸಿದೆ. ‘ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?’ ಎಂದು ಕೇಳಿದೆ.

‘ಅಮ್ಮನೇ ಬೇಡ ಅಂದಿದ್ಲು. ಓದೋ ಹುಡುಗ, ನಾಚ್ಕೆ ಪಟ್ಕೋತಾನೆ ಅಂದ್ಲು’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಮಾವನಿಗೆ ಫೋನ್ ಮಾಡು. ಗುತ್ತಿಗೆ ಹೋಗಿದ್ವಿ ಅಂತ ಹೇಳು’ ಎಂದಳು.