ನೆರವಿನ ವೃತ್ತಿಗಳು: ಸೇವಾಮನೋಭಾವ ಸಾಕೇ?

ಪದವಿ ಮುಗಿಸಿದವರಿಗಾಗಿ ನಡೆಯುವ ಉದ್ಯೋಗ ಮಾರ್ಗದರ್ಶನ ಶಿಬಿರಗಳಲ್ಲಿ ಈಗ ಒಂದು ಮಾತು ಚಾಲ್ತಿಯಲ್ಲಿದೆ: ಕಂಡವರ ಕಷ್ಟಕ್ಕೆ ಮಿಡಿಯುವ ಮನಸ್ಸಿದ್ದರೆ ಕೌನ್ಸೆಲಿಂಗ್ ಕಲಿಯಿರಿ. ದೊಡ್ಡದೊಂದು ಕ್ಷೇತ್ರವನ್ನು ಈ ಮಾತು ನಗರದ ಆಪ್ತಸಮಾಲೋಚನೆಯ ಕೋಣೆಗೆ ಕುಗ್ಗಿಸುತ್ತದೆ. ಮನಸ್ಸೊಂದಿದ್ದರೆ ವೃತ್ತಿ ತಾನಾಗಿ ಕೈಹಿಡಿಯುತ್ತದೆಂಬ ಭ್ರಮೆಯನ್ನೂ ಬಿತ್ತುತ್ತದೆ. ಕ್ಷೇತ್ರದ ಚರಿತ್ರೆ ಹೇಳುವುದೇ ಬೇರೆ. ಹುದ್ದೆ ನಿಗದಿಯಾದ ಕಡೆ ವೃತ್ತಿ ಬೇರೂರಿತು, ಆಗದ ಕಡೆ ಬರಿಯ ಸೇವೆಯಾಗಿ ಉಳಿಯಿತು. 1936ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ತೆರೆಯಿತು. 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಬಂತು. ಆದರೆ ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿದವರಿಗೆ ಸಂಬಳದ ನೌಕರಿ ದೊರಕಿಸಿಕೊಟ್ಟದ್ದರಲ್ಲಿ 1948ರ ಕಾರ್ಖಾನೆ ಕಾಯ್ದೆಯ ಪಾಲು ದೊಡ್ಡದು. ಐನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಅದು ಕಲ್ಯಾಣಾಧಿಕಾರಿಯನ್ನು ಕಡ್ಡಾಯ ಮಾಡಿತು. ಬಡವರ ಕೇರಿಗೆಂದು ತರಬೇತಿ ಪಡೆದ ಎಷ್ಟೋ ಮಂದಿ ಕಾರ್ಖಾನೆಯ ಸಿಬ್ಬಂದಿ ವಿಭಾಗ ಸೇರಿದ್ದಕ್ಕೆ ಅವರನ್ನು ದೂರುವುದು ಅನ್ಯಾಯ. ಕೇರಿಯಲ್ಲಿ ಹುದ್ದೆಯೇ ಇರಲಿಲ್ಲ.

ಮಾನಸಿಕ ಆರೋಗ್ಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತು. ಇಂದಿನ ಪಠ್ಯಕ್ರಮಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುವುದು ವಿಷಾದದ ಸಂಗತಿ. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿನ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಅಲ್ಲಿ ತಯಾರಾದರು. ಎಪ್ಪತ್ತರ ದಶಕದ ನಡುವೆ ಮನೋವೈದ್ಯ ಆರ್.ಎಲ್. ಕಪೂರ್ ಅವರ ಮುಂದಾಳ್ತನದಲ್ಲಿ ನಿಮ್ಹಾನ್ಸ್‌ನ ಸಮುದಾಯ ಮನೋವೈದ್ಯಕೀಯ ಘಟಕ ಬೆಂಗಳೂರಿನ ಹೊರವಲಯದ ಸಕಲವಾರಕ್ಕೆ ಹೋಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಮೂರ್ಛೆರೋಗ, ತೀವ್ರ ಮನೋರೋಗಗಳನ್ನು ಗುರುತಿಸಲು ಕಲಿತರು. ಔಷಧಿ ನಿಲ್ಲಿಸಿದವರ ಮನೆಗೆ ಹೋಗಿ ಮನೆಯವರೊಡನೆ ಮಾತಾಡಿದರು. 1985ರಿಂದ ಬಳ್ಳಾರಿಯಲ್ಲಿ ಇದೇ ಕ್ರಮ ಇಡೀ ಜಿಲ್ಲೆಗೆ ಹಬ್ಬಿತು; 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಅರೆತರಬೇತಿಯವರ ಕೈಗೆ ಪರಿಣತರ ಕೆಲಸ ಕೊಟ್ಟರೆಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಬಳ್ಳಾರಿಯ ಕಾರ್ಯಕರ್ತರ ಬೆನ್ನಿಗೆ ಜಿಲ್ಲಾ ತಂಡವಿತ್ತು, ಔಷಧಿಯ ಪೂರೈಕೆಯಿತ್ತು ಎಂಬುದನ್ನು ಆಕ್ಷೇಪಿಸುವವರು ಮರೆಯುತ್ತಾರೆ. ಪರಿಣತರು ಅಲ್ಲಿ ಕಲಿಸುವವರಾಗಿದ್ದರು, ಮೇಲುಸ್ತುವಾರಿ ಮಾಡುವವರಾಗಿದ್ದರು. ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅವರು ಮಾನಸಿಕ ಆರೋಗ್ಯದ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಗಳನ್ನೂ ಈ ಪರಂಪರೆಯ ಭಾಗವೆಂದೇ ಓದಬೇಕು.

ನಂತರದ ಅಧ್ಯಾಯ ಅಷ್ಟು ಹೆಮ್ಮೆಯದಲ್ಲ. ಜಿಲ್ಲಾ ತಂಡಗಳ ಬಹುಪಾಲು ಹುದ್ದೆಗಳು ಗುತ್ತಿಗೆಯವಾದವು. ನೆರವಿನ ಬೇರೆ ಕೆಲಸಗಳಲ್ಲೂ ಇದೇ ಕತೆ: 1975ರಲ್ಲಿ ಶುರುವಾದ ಅಂಗನವಾಡಿಯ ಕಾರ್ಯಕರ್ತೆಗೂ 2005ರ ನಂತರ ಬಂದ ಆಶಾ ಕಾರ್ಯಕರ್ತೆಗೂ ಸಿಗುತ್ತಿರುವುದು ಸಂಬಳವಲ್ಲ, ಗೌರವಧನ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 2022 ಬರಬೇಕಾಯಿತು. ಸಂಬಳ, ಬಡ್ತಿ ಎಂದು ಹೊರಟರೆ ಕರುಣೆ ಬತ್ತುತ್ತದೆ ಎನ್ನುವವರಿದ್ದಾರೆ. ಕರುಣೆ ಬತ್ತುವುದು ತಿಂಗಳ ಖರ್ಚು ಹುಟ್ಟದಾಗ. ಸಂಬಳವಿಲ್ಲದ ನೆರವು ಉಳ್ಳವರ ಮಕ್ಕಳ ಹವ್ಯಾಸವಾಗುತ್ತದೆ, ಇಲ್ಲವೇ ಬಡ ಹೆಂಗಸರ ಬಿಟ್ಟಿ ದುಡಿಮೆಯಾಗುತ್ತದೆ.

ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯ್ದೆಯಡಿ ನೋಂದಣಿಯಿದೆ. ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಕುರಿತ 2021ರ ಕಾಯ್ದೆ ಆರೋಗ್ಯ ಕ್ಷೇತ್ರದ ಸಮಾಜಕಾರ್ಯಕರ್ತರನ್ನೂ ಸಮಾಲೋಚಕರನ್ನೂ ಲೆಕ್ಕಕ್ಕೆ ತಂದಿದೆ, ಒಳ್ಳೆಯದೇ. ಆದರೆ ನೋಂದಣಿ ಹುದ್ದೆಯಲ್ಲ. ಈ ದಾರಿಗೆ ಬರುವ ಯುವಜನರು ಅಲ್ಪಾವಧಿ ಕೋರ್ಸಿಗೆ ಹಣ ಕಟ್ಟುವ ಮುನ್ನ ಅದು ಯಾವ ಹುದ್ದೆಗೆ, ಯಾವ ನೋಂದಣಿಗೆ ಅರ್ಹತೆ ಕೊಡುತ್ತದೆಂದು ಬರವಣಿಗೆಯಲ್ಲಿ ಕೇಳಿ ಪಡೆಯಲಿ. ಸರ್ಕಾರ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಒಬ್ಬ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಕಾಯಂ ಹುದ್ದೆ ಮಂಜೂರು ಮಾಡಲಿ.